ಅಮ್ಮನ ಆಕಳಿಕೆ

ನನ್ನ ಅಮ್ಮ ಹುಟ್ಟುವಾಗ ಮೊದಲು ಹೊರಗೆ ಬಂದದ್ದು ಕಾಲು. ತಲೆ ಬರುವ ಹೊತ್ತಿಗೆ ಅಜ್ಜಿಯ ಜೀವ ಅರ್ಧ ಹೋಗಿತ್ತಂತೆ. ಹಾಗೆ ಕಾಲು ಮುಂದಾಗಿ ಹುಟ್ಟಿದವರ ಕೈಗೆ ಉಳುಕು ತೆಗೆಯುವ ಗುಣ ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೀಗಾಗಿ ಅಮ್ಮ ಲಂಗ ತೊಡುವ ವಯಸ್ಸಿನಲ್ಲೇ ಬೀದಿಯವರ ಸೊಂಟ, ಕುತ್ತಿಗೆ, ಮಣಿಕಟ್ಟುಗಳಿಗೆಲ್ಲ ಯಜಮಾನಿಯಾಗಿಬಿಟ್ಟಿದ್ದಳು. ಮದುವೆಯಾಗಿ ತಮಿಳು ಸೀಮೆಯ ಪೆರಿಯನಾಯಕನಪಾಳ್ಯಂಗೆ ಬಂದಾಗ ಪಾತ್ರೆ ಪಡಗಗಳ ಜೊತೆಗೆ ಆ ಗುಣವೂ ನಮ್ಮ ಮನೆಗೆ ಬಂತು.

ನಮ್ಮದು ನೇಕಾರರ ಬೀದಿ. ಮೇಟ್ಟುಪಾಳ್ಯಂ ರಸ್ತೆಯ ಬಸ್ಸುಗಳ ಸದ್ದು ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಅಪ್ಪ ಗುಂಡಿ ಮಗ್ಗದಲ್ಲಿ ಕೂತು ನೇಯುತ್ತಾರೆ, ಅಮ್ಮ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಾಳೆ. ಬೆಳಗಾದರೆ ಹೊಸ್ತಿಲ ಹತ್ತಿರ ಯಾರಾದರೂ ಬಂದು ಕೂತಿರುತ್ತಿದ್ದರು. ಮಿಲ್ಲಿನಲ್ಲಿ ಮೂಟೆ ಎತ್ತಿ ಸೊಂಟ ಹಿಡಿದವರು, ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ತಿರುಗಿಸಿ ಕೈ ಕೊಂಕಿದವರು, ಮಗ್ಗದ ಗುಂಡಿಯಿಂದ ಎದ್ದ ಮೇಲೆ ಬೆನ್ನು ನೆಟ್ಟಗಾಗದ ನಮ್ಮವರು. ಉಳುಕನ್ನು ಮನೆಯಲ್ಲಿ ನಾವೂ ತಮಿಳರ ಹಾಗೆ ಸುಳುಕು ಎಂದೇ ಅನ್ನುತ್ತೇವೆ.

ಅದಕ್ಕೊಂದು ಕ್ರಮವಿತ್ತು. ಬಂದವರು ಹೊಸ್ತಿಲ ಹೊರಗೆ ಬೀದಿಗೆ ಮುಖ ಮಾಡಿ ಕೂರಬೇಕು, ಅಮ್ಮ ಹೊಸ್ತಿಲ ಒಳಗೆ. ಸೊಂಟಕ್ಕಾದರೆ ಎಡಗಾಲಿನ ಹಿಮ್ಮಡಿಯಿಂದ ನೀವುತ್ತಾಳೆ. ಕುತ್ತಿಗೆಗಾದರೆ ಹರಳೆಣ್ಣೆ ಹಚ್ಚಿದ ಕೈಯಿಂದ. ಯಾರೂ ಮಾತಾಡಬಾರದು. ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಒಂದು ಆಕಳಿಕೆ ಬರುತ್ತದೆ, ಕಣ್ಣಂಚಿನಲ್ಲಿ ನೀರು ಬರಿಸುವಂಥ ದೊಡ್ಡ ಆಕಳಿಕೆ. ಅದು ಬಂತೆಂದರೆ ಸುಳುಕು ಬಿಟ್ಟಿತು ಎಂದು ಅರ್ಥ. ಕೂತವರು ಎದ್ದು, ಕುತ್ತಿಗೆಯನ್ನೋ ಕೈಯನ್ನೋ ಒಮ್ಮೆ ಆಡಿಸಿ ನೋಡಿ, ಹಾಗೇ ನಡೆದುಬಿಡಬೇಕು. ಏನೂ ಕೊಡುವ ಹಾಗಿಲ್ಲ. ಬಾಳೆಹಣ್ಣು ಕೊಟ್ಟರೂ ಕೈಯ ಗುಣ ಹೋಗುತ್ತದೆ ಎಂದು ಅಮ್ಮ ಹೆದರುತ್ತಿದ್ದಳು.

ಇಂಥ ಮನೆಯ ಮಗಳಿಗೆ ಕುತ್ತಿಗೆ ಹಿಡಿಯಿತು. ನಗಬೇಕಾದ ವಿಷಯವೇ. ನಾನೂ ಮೊದಮೊದಲು ನಕ್ಕಿದ್ದೆ.

ಆಗ ನಾನು ಕಾಲೇಜು ಮುಗಿಸಿ ಪೀಳಮೇಡಿನ ಒಂದು ಆಫೀಸಿಗೆ ಸೇರಿದ್ದೆ. ತಿರುಪ್ಪೂರಿನಲ್ಲಿ ಹೊಲಿಯುವ ಮಕ್ಕಳ ಬನಿಯನ್‌ಗಳ ಮೇಲೆ ಅಚ್ಚಾಗುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ನನ್ನ ಕೆಲಸ. ಆನೆಮರಿ, ರಾಕೆಟ್, ನಗುವ ಕಲ್ಲಂಗಡಿ. ಒಂದು ಬೆಳಗ್ಗೆ ಎಚ್ಚರವಾದಾಗ ಕುತ್ತಿಗೆ ನನ್ನದಲ್ಲ ಅನ್ನಿಸಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮಗ್ಗುಲಾಗಲು ತಲೆಯನ್ನು ಎರಡು ಕೈಯಿಂದ ಹಿಡಿದು ಎತ್ತಿ ಇಡಬೇಕಾಯಿತು. ಅಮ್ಮ ಬಂದು ನೋಡಿ, ಇಷ್ಟೇನಾ ಎಂಬ ಮುಖ ಮಾಡಿ, ನನ್ನನ್ನು ಎಬ್ಬಿಸಿ ಹೊಸ್ತಿಲಿಗೆ ನಡೆಸಿಕೊಂಡು ಹೋಗಿ ಕೂರಿಸಿದಳು. ನೀವಿದಳು, ತಿರುಗಿಸಿದಳು, ಆಕಳಿಸಿದಳು. ನಾನು ಎದ್ದೆ, ಬೀದಿಯ ಕೊಳಾಯಿಯಿಂದ ನೀರು ತಂದೆ, ಮಿಂದೆ. ಬಸ್ಸು ಹತ್ತುವ ಹೊತ್ತಿಗೆ ಕುತ್ತಿಗೆ ಸಡಿಲವಾಗಿತ್ತು.

“ಓಯ್ತಾ ಕಣ್ಣು?” ಎಂದು ಅಮ್ಮ ಬಾಗಿಲಿನಿಂದ ಕೇಳಿದಳು. ಮುದ್ದಿಗೆ ಅವಳು ನನ್ನನ್ನು ಕರೆಯುವುದೇ ಕಣ್ಣು ಎಂದು. ಹೋಯಿತು ಅಂದೆ. ನಿಜಕ್ಕೂ ಹೋಗಿತ್ತು.

ಮರುದಿನ ಬೆಳಗ್ಗೆ ಮತ್ತೆ ಬಂತು. ಅದರ ಮರುದಿನವೂ. ಪ್ರತಿ ಸಲ ಅಮ್ಮ ನೀವುತ್ತಿದ್ದಳು, ಆಕಳಿಸುತ್ತಿದ್ದಳು, ಬಿಸಿಲೇರುವಷ್ಟರಲ್ಲಿ ನೋವು ಇಳಿಯುತ್ತಿತ್ತು. ಹಾಗಾಗಿ ನಮ್ಮಿಬ್ಬರಿಗೂ ಅನುಮಾನವೇ ಬರಲಿಲ್ಲ. ದಿನಾ ಹೊಸ ಸುಳುಕು ಎಲ್ಲಿಂದ ಬರುತ್ತದೆ ಎಂಬುದೊಂದೇ ಪ್ರಶ್ನೆ. ಮೊದಲು ದಿಂಬಿನ ಮೇಲೆ ಅಪವಾದ ಬಂತು. ಹತ್ತಿ ತೆಗೆದು ಬೂರುಗದ ಅರಳೆ ತುಂಬಿದೆವು. ಆಮೇಲೆ ದಿಂಬನ್ನೇ ಬಿಟ್ಟು ಮಡಿಸಿದ ಟವೆಲ್ ಇಟ್ಟೆವು. ಆಮೇಲೆ ಬಸ್ಸಿನ ಕಿಟಕಿ ಗಾಳಿ, ಆಫೀಸಿನ ಏಸಿ, ನನ್ನ ಮೊಬೈಲು, ಕೊನೆಗೆ ಎದುರುಮನೆ ಅತ್ತೆಯ ಕಣ್ಣು. ಒಂದೊಂದಕ್ಕೂ ಒಂದೊಂದು ವರ್ಷ ಕೊಟ್ಟೆವೇನೋ.

ಆ ವರ್ಷಗಳು ಈಗ ನೆನಪಿಗೆ ಬರುವುದು ಒಂದೇ ಉದ್ದನೆಯ ಬೆಳಗಿನ ಹಾಗೆ. ನೋವು ನನ್ನನ್ನು ಎಬ್ಬಿಸುತ್ತಿತ್ತು, ಏಳಲು ಮಾತ್ರ ಬಿಡುತ್ತಿರಲಿಲ್ಲ. ಆಷಾಢದ ಹೊತ್ತಿನ ಆಡಿ ತಿಂಗಳಾದರೆ ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸಿ ಹೆಂಚಿನ ಮೇಲೆ ಸಣ್ಣ ಜಿಟಿಜಿಟಿ. ಕಿಟಕಿಯಾಚೆ ಗುಡ್ಡ ಅರ್ಧ ಇರುತ್ತಿತ್ತು, ಅರ್ಧ ಇರುತ್ತಿರಲಿಲ್ಲ. ಎಲ್ಲೋ ಮಿಲ್ಲಿನ ಸಂಗು, ಅಂದರೆ ಸೈರನ್ನು, ಕೂಗುತ್ತಿತ್ತು. ಅಪ್ಪನ ಮಗ್ಗ ಶುರುವಾಗಿ, ಅದರ ಏಟು ನೆಲದಿಂದ ಮಂಚದ ಕಾಲಿಗೆ, ಅಲ್ಲಿಂದ ನನ್ನ ಬೆನ್ನಿಗೆ ಬರುತ್ತಿತ್ತು. ನಾನು ಛಾವಣಿಯ ಒಂದೇ ತೊಲೆಯನ್ನು ನೋಡುತ್ತಾ ಮತ್ತೆ ನಿದ್ದೆಗೆ ಜಾರುತ್ತಿದ್ದೆ.

ಆ ನಿದ್ದೆಯಲ್ಲಿ ನನಗೆ ಸುಖವಿತ್ತು. ಕನಸಿನಲ್ಲಿ ನನ್ನ ಕುತ್ತಿಗೆ ತಿರುಗುತ್ತಿತ್ತು. ದೊಡ್ಡ ಸಾಹಸವೇನೂ ಇಲ್ಲ, ಬಸ್ಸಿನಲ್ಲಿ ಕೂತು ಹಿಂದಕ್ಕೆ ನೋಡುತ್ತಿದ್ದೆ, ಅಷ್ಟೆ. ಹುಣಸೆಮರಗಳು ಹಿಂದೆ ಹೋಗುತ್ತಿದ್ದವು, ಯಾರೋ ಕೈ ಬೀಸುತ್ತಿದ್ದರು, ರಸ್ತೆ ತಿರುವಿನಲ್ಲಿ ಅವರು ಸಣ್ಣಗಾಗುವವರೆಗೂ ನಾನು ಭುಜದ ಮೇಲಿಂದ ನೋಡುತ್ತಲೇ ಇದ್ದೆ. ಒಮ್ಮೊಮ್ಮೆ ನೀರಿನೊಳಗೆ ಇರುತ್ತಿದ್ದೆ, ಜೊಂಡಿನ ಹಾಗೆ ತಲೆ ಅತ್ತಿತ್ತ ಓಲಾಡುತ್ತಿತ್ತು. ಎಚ್ಚರವಾದರೆ ಮತ್ತೆ ಅದೇ ತೊಲೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಷ್ಟೋ ಬೆಳಗು ನಾನು ಅತ್ತಿದ್ದೇನೆ. ಕಣ್ಣೀರು ಒರೆಸಲು ಮುಖ ತಿರುಗಿಸಲಾಗದೆ ಅದು ನೇರ ಕಿವಿಯೊಳಗೆ ಹೋಗುತ್ತಿತ್ತು.

ಆಫೀಸಿನಲ್ಲಿ ನಾನು ಬರೆದ ಜಿರಾಫೆಗಳೆಲ್ಲ ಹಿಂದಕ್ಕೆ ತಿರುಗಿ ನೋಡುತ್ತಿದ್ದವು. ಒಂದನ್ನಾದರೂ ಮುಂದಕ್ಕೆ ನೋಡುವ ಹಾಗೆ ಬರೆಯಮ್ಮಾ ಎಂದು ಮೇಲಿನವರು ಹೇಳಿಕಳಿಸಿದ ಮೇಲೆಯೇ ನನಗದು ಗೊತ್ತಾದದ್ದು.

ಬೀದಿಯಲ್ಲಿ ನನಗೆ ಜಂಬದವಳು ಎಂಬ ಹೆಸರು ಬಂದಿತ್ತು. ಹಿಂದಿನಿಂದ ಕೂಗಿದರೆ ತಿರುಗುವುದಿಲ್ಲ, ತಿರುಗಿದರೂ ಗಾಡಿ ತಿರುಗಿಸಿದ ಹಾಗೆ ಇಡೀ ಮೈಯನ್ನು ತಿರುಗಿಸುತ್ತಾಳೆ, ದೊಡ್ಡವರ ಮುಂದೆ ತಲೆ ತಗ್ಗಿಸುವುದಿಲ್ಲ. ಅಪ್ಪನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಕಾಂಗೇಯಂ ಹೋರಿ ಕಣಮ್ಮಾ ನೀನು, ಅದೂ ಹಿಂಗೇ ತಲೆ ಎತ್ತಿಕೊಂಡೇ ಇರುತ್ತೆ ಎಂದು ಮಗ್ಗದಿಂದಲೇ ರೇಗಿಸುತ್ತಿದ್ದರು. ಹೆಣ್ಣು ನೋಡಲು ಬಂದವರೊಬ್ಬರು ಮಾತ್ರ ಹುಡುಗಿಗೆ ನಾಚಿಕೆಯೇ ಇಲ್ಲವಲ್ಲ ಎಂದು ಹೇಳಿ ಹೋದರು. ಹೋಗಲಿ, ಹುಡುಗನ ಮುಖ ನಾನಂತೂ ಸರಿಯಾಗಿ ನೋಡಿದೆ.

ಕೊನೆಗೆ ನಾವು ಡಾಕ್ಟರ ಹತ್ತಿರ ಹೋದದ್ದು ಕುತ್ತಿಗೆಗಲ್ಲ, ಕಣ್ಣಿಗೆ. ಒಂದು ಕಣ್ಣು ಕೆಂಪಾಗಿ, ಬೆಳಕು ಕಂಡರೆ ಚುಚ್ಚುತ್ತಿತ್ತು. ಬೀದಿಯವರೆಲ್ಲ ಮದ್ರಾಸ್ ಐ ಅಂದರು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಬೆಳಗ್ಗೆ ಏಳುವಾಗ ಬೆನ್ನು ಕುತ್ತಿಗೆ ಹಿಡಿಯುತ್ತದೆಯೇ ಎಂದು ಕೇಳಿದರು. ಕಣ್ಣು ನೋಡಿ ಕುತ್ತಿಗೆ ಹೇಳುತ್ತಾರಲ್ಲ ಎಂದು ಅಮ್ಮನಿಗೆ ಅವರ ಮೇಲೆ ಒಂಥರಾ ಭಕ್ತಿ ಬಂತು. ಅವರು ನಮ್ಮನ್ನು ಕೀಲಿನ ಡಾಕ್ಟರಮ್ಮನ ಹತ್ತಿರ ಕಳಿಸಿದರು. ರಕ್ತ ಕೊಟ್ಟೆ, ಕೊಳವೆಯಂಥ ಮೆಷಿನಿನೊಳಗೆ ಮಲಗಿದೆ. ಅದರ ಟಕಟಕ ಅಪ್ಪನ ಮಗ್ಗವೇ ಅನ್ನಿಸಿ ಅಲ್ಲಿಯೂ ಕಣ್ಣು ಮುಚ್ಚಿತು.

ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಇದು ಆರ್ಥ್ರೈಟಿಸ್, ಆದರೆ ಮುದುಕರ ಮಂಡಿಗೆ ಬರುವಂಥದ್ದಲ್ಲ, ಹರೆಯದಲ್ಲೇ ಬೆನ್ನುಮೂಳೆಯ ಕೀಲುಗಳಿಗೆ ಬರುವಂಥದ್ದು. ಪೂರ್ತಿ ಹೋಗುವುದಿಲ್ಲ, ಹಿಡಿದು ನಿಲ್ಲಿಸಬಹುದು. ಬಿಟ್ಟರೆ ಕೀಲು ಒಂದಕ್ಕೊಂದು ಅಂಟಿಕೊಂಡು ಕುತ್ತಿಗೆ ಹಾಗೇ ನಿಂತುಬಿಡಬಹುದು. ಇಂಜೆಕ್ಷನ್ ತಗೊಳ್ಳಬೇಕು, ದಿನಾ ವ್ಯಾಯಾಮ ಮಾಡಬೇಕು, ಯಾರೂ ಕುತ್ತಿಗೆಯನ್ನು ಎಳೆದು ತಿರುಗಿಸಬಾರದು. ಇದರ ಗುಣವೇ ಹಾಗೆ, ಮಲಗಿದರೆ ಬಿಗಿಯುತ್ತದೆ, ಎದ್ದು ಓಡಾಡಿದರೆ ತಾನಾಗಿ ಸಡಿಲಾಗುತ್ತದೆ ಎಂದೂ ಹೇಳಿದರು.

ಆ ಕೊನೆಯ ಮಾತು ಕೇಳಿ ಅಮ್ಮ ತನ್ನ ಕೈ ನೋಡಿಕೊಂಡಳು. ಆಮೇಲೆ, ತಾನು ತಿರುಗಿಸಿದ್ದರಿಂದ ಹೀಗಾಯಿತೇ ಎಂದು ಕೇಳಿದಳು. ಇಲ್ಲ, ನಿಮ್ಮಿಂದ ಏನೂ ಆಗಿಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಅಮ್ಮನಿಗೆ ಚುಚ್ಚಿದ್ದೇ ಆ ಸಮಾಧಾನ. ಮನೆಗೆ ಬರುವಾಗ ಬಸ್ಸಿನಲ್ಲಿ ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಬೀದಿಯ ತಿರುವಿನಲ್ಲಿ ಇಳಿದ ಮೇಲೆ ಬಾಯಿ ಬಿಟ್ಟಳು.

“ಅಂಗಾದ್ರೆ ಇಷ್ಟು ವರ್ಸ ನನ್ ಕೈ ಏನೂ ಮಾಡ್ಲಿಲ್ವಾ ಕಣ್ಣು? ತಾನಾಗೇ ಓಗ್ತಿದ್ದುದ್ದಕ್ಕೆ ನಾನು ಆಕಳಿಸ್ತಿದ್ನಾ?”

ನಾನು ರಿಪೋರ್ಟಿನ ಕವರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದೆ.

ಮರುದಿನದಿಂದ ಅಮ್ಮ ಕೈ ಮಡಿಸಿದಳು. ಹೊಸ್ತಿಲಿಗೆ ಬಂದವರಿಗೆ, ಕೈಯಲ್ಲಿ ಏನೂ ಇಲ್ಲ, ಆಸ್ಪತ್ರೆಗೆ ಹೋಗಿ ಎಂದು ಒಳಗಿನಿಂದಲೇ ಹೇಳಿ ಕಳಿಸುತ್ತಿದ್ದಳು. ಕೆಲವರು ಸ್ವಲ್ಪ ಹೊತ್ತು ಕೂತು ನೋಡಿ ಎದ್ದು ಹೋಗುತ್ತಿದ್ದರು. ಹರಳೆಣ್ಣೆಯ ಗಿಂಡಿ ದೇವರ ದೀಪದ ಹತ್ತಿರಕ್ಕೆ ಹೋಯಿತು. ಸ್ವಂತ ರಕ್ತಕ್ಕೆ ಕೈಗುಣ ಹತ್ತುವುದಿಲ್ಲ ಎಂದು ಬೀದಿಯವರೇ ಒಂದು ದಾರಿ ತೋರಿಸಿದರು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಹಿಡಿದುಕೊಂಡು ಬಚಾವಾಗುತ್ತಿದ್ದರು. ನನ್ನ ಅಮ್ಮ ಅಂಥವಳಲ್ಲ. ತನ್ನ ಮಗಳದ್ದು ಸುಳ್ಳಾದರೆ ಊರವರದ್ದೂ ಸುಳ್ಳೇ ಇರಬೇಕು ಅಂದುಬಿಟ್ಟಳು.

ನನಗೆ ಅದಕ್ಕಿಂತ ನೋವಾದದ್ದು ಇನ್ನೊಂದು. ಅವಳು ನನ್ನನ್ನು ಮುಟ್ಟುವುದನ್ನೇ ನಿಲ್ಲಿಸಿದಳು. ಜಡೆ ಹೆಣೆಯಲು ಕೂತರೆ, ನೀನೇ ಹಾಕಿಕೋ ಎಂದು ಬಾಚಣಿಗೆ ಕೈಗಿಡುತ್ತಿದ್ದಳು. ಇಂಜೆಕ್ಷನ್ ಡಬ್ಬಿಯನ್ನು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಜೋಪಾನವಾಗಿ ಇಡುವಳು, ಬೇಕಾದ ದಿನ ಮೊದಲೇ ತೆಗೆದು ತಣುಪು ಆರಲು ಬಿಡುವಳು, ನಾನು ತೊಡೆಗೆ ಚುಚ್ಚಿಕೊಳ್ಳುವಾಗ ಅಡುಗೆಮನೆಗೆ ಹೋಗಿಬಿಡುವಳು. ಅಮ್ಮನ ಕೈಯಿಲ್ಲದ ಮನೆ ನನಗೆ ಬೇಡವಾಗಿತ್ತು. ಕುತ್ತಿಗೆ ಹೋದರೆ ಹೋಗಲಿ, ಅವಳ ಕೈ ಹೋಗಬಾರದು ಎಂದು ಮಂಚದ ಮೇಲೆ ಮಲಗಿ ತೊಲೆಗೆ ಹೇಳಿಕೊಳ್ಳುತ್ತಿದ್ದೆ.

ಆ ತಿಂಗಳುಗಳಲ್ಲಿ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ತಲೆ ತಗ್ಗಿಸಬಾರದೆಂದು ಕಂಪ್ಯೂಟರನ್ನು ನೂಲಿನ ಪೆಟ್ಟಿಗೆಯ ಮೇಲೆ ಏರಿಸಿ ಇಟ್ಟಿದ್ದೆವು. ಮಧ್ಯಾಹ್ನ ಮಲಗಿ ಮೊಬೈಲನ್ನು ಮುಖದ ಮೇಲಕ್ಕೆ ಹಿಡಿದು ಕನ್ನಡ ಅಕ್ಷರ ಕಲಿತೆ. ನಮ್ಮ ಮನೆಯಲ್ಲಿ ಕನ್ನಡ ಬಾಯಲ್ಲಿ ಮಾತ್ರ ಇತ್ತು, ಕಣ್ಣಿಗೆ ಯಾರೂ ಕಂಡವರಿಲ್ಲ. ಅಕ್ಷರಗಳೆಲ್ಲ ದುಂಡಗೆ, ಯಾವ ಕಡೆಗೆ ಬೇಕಾದರೂ ಕುತ್ತಿಗೆ ತಿರುಗಿಸಿಕೊಂಡು ಕೂತಿರುತ್ತಿದ್ದವು. ಅವನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ಹಾಗೇ ನೋಡುತ್ತಾ ನಿದ್ದೆ ಹೋದರೆ ಮೊಬೈಲು ಮೂಗಿನ ಮೇಲೆ ಬೀಳುತ್ತಿತ್ತು.

ವ್ಯಾಯಾಮ ಮಾತ್ರ ಮಾಡಲಿಲ್ಲ. ಬೆಳಗ್ಗೆ ಎದ್ದು, ಬಿಸಿ ಇಟ್ಟು, ಗಲ್ಲವನ್ನು ಮೆಲ್ಲಗೆ ಭುಜದ ಕಡೆಗೆ ತರಬೇಕು, ಆಮೇಲೆ ನಡೆದಾಡಬೇಕು. ಹೇಳುವುದು ಸುಲಭ. ಮೊದಲಾದರೆ ಅಮ್ಮ ನನ್ನನ್ನು ಎಬ್ಬಿಸಿ ಹೊಸ್ತಿಲಿಗೆ ನಡೆಸುತ್ತಿದ್ದಳು, ಈಗ ಆ ಹೊತ್ತಿನಲ್ಲಿ ಯಾರೂ ಬರುತ್ತಿರಲಿಲ್ಲ. ನಾನು ತೊಲೆ ನೋಡುತ್ತಾ, ಕನಸಿನ ಬಸ್ಸು ಹತ್ತುತ್ತಾ, ಬಿಸಿಲು ಕಾಲಿಗೆ ಬರುವವರೆಗೂ ಬಿದ್ದಿರುತ್ತಿದ್ದೆ. ಇಂಜೆಕ್ಷನ್ನಿಂದ ಕಣ್ಣು ತಿಳಿಯಾಯಿತು, ನೋವು ಇಳಿಯಿತು, ಬಿಗಿತ ಹಾಗೇ ಉಳಿಯಿತು. ಮುಂದಿನ ಸಲ ಡಾಕ್ಟರಮ್ಮ ನನ್ನ ಗಲ್ಲ ಎಷ್ಟು ತಿರುಗುತ್ತದೆ ಎಂದು ಅಳೆದು ನೋಡಿ ಚೆನ್ನಾಗಿ ಬೈದರು. ಔಷಧಿಯ ಕೆಲಸ ಅರ್ಧ, ನಿನ್ನ ಕೆಲಸ ಅರ್ಧ, ಹೀಗೇ ಮಲಗಿದರೆ ಇರುವ ತಿರುಗಾಟವೂ ಹೋಗುತ್ತದೆ ಅಂದರು. ಆ ದಿನ ನನಗೆ ನಿಜವಾಗಿ ಭಯವಾಯಿತು.

ಮನೆಗೆ ಬಂದಾಗ ಎದುರುಮನೆ ಅತ್ತೆ ನಮ್ಮ ಜಗುಲಿಯಲ್ಲಿ ಕೂತಿದ್ದರು. ದಿನವಿಡೀ ರಾಟೆ ತಿರುಗಿಸಿ ಅವರ ಬಲ ತೋಳು ಹಿಡಿದುಕೊಂಡಿತ್ತು. ಕೈಯಲ್ಲಿ ಏನೂ ಇಲ್ಲ ಎಂದು ಅಮ್ಮ ಆಗಲೇ ಹೇಳಿ ಒಳಗೆ ಹೋಗಿದ್ದಳು. ಈ ಅತ್ತೆಗೆ ನನ್ನ ಮೇಲೆ ಮೊದಲೇ ಒಂದು ದೂರು ಇತ್ತು. ತಮ್ಮ ಮಂಡಿಯ ವಾಯುವನ್ನು ಇಷ್ಟು ವರ್ಷ ಬೀದಿಯಲ್ಲಿ ಮರ್ಯಾದೆಯಿಂದ ಸಾಕಿಕೊಂಡು ಬಂದಿದ್ದರು, ಮೊನ್ನೆ ಹುಟ್ಟಿದ ಹುಡುಗಿ ಅದಕ್ಕೇ ಇಂಗ್ಲಿಷ್ ಹೆಸರಿಟ್ಟುಕೊಂಡು ಬಂದಳಲ್ಲ ಎಂದು. ನನ್ನನ್ನು ಕಂಡು ತಡೆಯಲಾರದೆ ಕೇಳಿಯೇಬಿಟ್ಟರು.

“ನಿನ್ ನೋವು ನಿಂದು, ನನ್ ತೋಳು ನಂದು. ನಿಮ್ಮಮ್ಮನ ಕೈ ನಿಂಗೊಬ್ಳಿಗೇನಾ ಇರೋದು?”

ನನಗೆ ಕೋಪ ಬಂತು. ಕೋಪ ಬಂದದ್ದು ಅವರು ಹೇಳಿದ್ದು ಸರಿ ಇತ್ತೆಂದು. ನಾಳೆ ಬೆಳಗ್ಗೆ ಬನ್ನಿ ಅತ್ತೆ ಎಂದು ಧೈರ್ಯದಿಂದ ಹೇಳಿಬಿಟ್ಟೆ. ಹೇಳಿದ ಮೇಲೆ ಆ ಧೈರ್ಯ ಎಲ್ಲಿಂದ ಬಂತೆಂದು ನನಗೇ ತಿಳಿಯಲಿಲ್ಲ.

ಮರುದಿನ ಎಚ್ಚರವಾದಾಗ ಇನ್ನೂ ಮಬ್ಬು ಬೆಳಕಿತ್ತು. ಅಪ್ಪ ಮಗ್ಗಕ್ಕೆ ಇಳಿದಿರಲಿಲ್ಲ, ಬೀದಿಯಲ್ಲಿ ಯಾರೋ ನೀರು ಚಿಮುಕಿಸುವ ಸದ್ದು. ಕುತ್ತಿಗೆ ಮರವಾಗಿತ್ತು. ಕನಸಿನ ಬಸ್ಸು ಬಾಗಿಲು ತೆರೆದು ನಿಂತ ಹಾಗೆ ಮತ್ತೆ ನಿದ್ದೆ ಎಳೆಯುತ್ತಿತ್ತು, ಇನ್ನೊಂದು ಉಸಿರು ಬಿಟ್ಟರೆ ಹತ್ತಿಬಿಡುತ್ತಿದ್ದೆ. ಹತ್ತಲಿಲ್ಲ. ಅಮ್ಮಾ ಎಂದು ಕೂಗಿದೆ. ಅವಳು ಬಂದು ಬಾಗಿಲಲ್ಲೇ ನಿಂತಳು. ಮುಖ ಕಾಣಲಿಲ್ಲ, ಬಳೆ ಸದ್ದಿನಿಂದ ಗೊತ್ತಾಯಿತು. ಕುತ್ತಿಗೆಯ ಹಿಂದೆ ಕೈ ಇಡು ಅಂದೆ.

“ಮುಟ್ಬಾರ್ದು ಅಂದ್ರಲ್ಲ ಡಾಕ್ಟ್ರಮ್ಮ.”

“ಎಳೀಬಾರ್ದು ಅಂದ್ರು. ಮುಟ್ಬಾರ್ದು ಅನ್ಲಿಲ್ಲ.”

ಬಳೆ ಸದ್ದು ಹತ್ತಿರ ಬರಲಿಲ್ಲ. ಆಗ ನಾನು, ಬಸ್ಸಿಳಿದ ದಿನ ಹೊಳೆಯದೇ ಇದ್ದ ಉತ್ತರವನ್ನು ಹೇಳಿದೆ. ಎದ್ದು ಓಡಾಡಿದರೆ ಇದು ಸಡಿಲಾಗುತ್ತದೆ ಅಂದರಲ್ಲ, ಅಷ್ಟು ವರ್ಷ ನನ್ನನ್ನು ದಿನಾ ಎಬ್ಬಿಸಿದ್ದು ಯಾವ ಕೈ ಎಂದು ಕೇಳಿದೆ. ನೀನು ಬಿಟ್ಟ ಮೇಲೆ ನಾನು ಎದ್ದೇ ಇಲ್ಲಮ್ಮ, ಭಯವಾಗುತ್ತೆ ಅಂದೆ.

ಅಮ್ಮ ಅಡುಗೆಮನೆಗೆ ಹೋದಳು. ಹೋಗಿಯೇಬಿಟ್ಟಳು ಅಂದುಕೊಂಡೆ. ಬಿಸಿನೀರಿನ ಪಾತ್ರೆಗೆ ಒತ್ತಿ ಕಾಯಿಸಿಕೊಂಡ ಅಂಗೈಯನ್ನು ತಂದು ನನ್ನ ಕುತ್ತಿಗೆಯ ಹಿಂದೆ ಇಟ್ಟಳು. ನೀವಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಇಟ್ಟಳು. ಆ ಬಿಸಿ ಮೂಳೆಯವರೆಗೆ ಇಳಿಯಿತು. ನಾನು ಗಲ್ಲವನ್ನು ಎಡಕ್ಕೆ ತಂದೆ, ಇಷ್ಟೇ ಇಷ್ಟು. ನಿಂತೆ. ಉಸಿರು ಬಿಟ್ಟು ಇನ್ನೊಂದಿಷ್ಟು. ಅವಳ ಕೈ ಕೂಡ ನನ್ನ ಜೊತೆ ಬಂತು. ತೊಲೆ ಹೋಗಿ ಗೋಡೆ ಬಂತು, ಗೋಡೆ ಹೋಗಿ ಕಿಟಕಿಯ ಅಂಚು ಬಂತು, ಕಿಟಕಿಯಲ್ಲಿ ಗುಡ್ಡದ ಬುಡದ ಹಸಿರು ಒಂದು ಚೂರು ಕಂಡಿತು. ಮಲಗಿದಲ್ಲಿಂದ ಅದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಆಗ ಅಮ್ಮ ಆಕಳಿಸಿದಳು. ದೊಡ್ಡದು, ಕಣ್ಣಲ್ಲಿ ನೀರು ಬರುವಂಥದ್ದು. ನಾನು ಮೆಲ್ಲಗೆ ಅವಳ ಮುಖದ ಕಡೆಗೆ ಕಣ್ಣು ಹೊರಳಿಸಿದೆ.

“ನಿದ್ದೆ, ಕಣ್ಣು,” ಅಂದಳು ಅಮ್ಮ, ಸಿಕ್ಕಿಬಿದ್ದವಳ ಹಾಗೆ. “ಸುಳುಕಲ್ಲ. ರಾತ್ರಿ ಸೆರಿಯಾಗಿ ಮಲಗ್ಲಿಲ್ಲ.”

ನನಗೆ ನಗು ಬಂತು. ನಕ್ಕರೆ ಬೆನ್ನೆಲ್ಲ ನೋಯುತ್ತದೆ, ಆದರೂ ನಕ್ಕೆ. ಅವಳೂ ನಕ್ಕಳು. ನಗುವಾಗ ಅವಳ ಅಂಗೈ ನನ್ನ ಕುತ್ತಿಗೆಯ ಹಿಂದೆ ಅದುರುತ್ತಿತ್ತು. ಹೊರಗೆ ಅಪ್ಪನ ಮಗ್ಗ ಶುರುವಾಯಿತು. ನಾನು ಬಲಕ್ಕೆ ತಿರುಗಲು ಶುರು ಮಾಡಿದೆ.

ಅಷ್ಟರಲ್ಲಿ ಹೊಸ್ತಿಲ ಹತ್ತಿರ ಎದುರುಮನೆ ಅತ್ತೆ ಕೆಮ್ಮಿದರು. ಅಮ್ಮನ ಬೆರಳುಗಳು ಒಮ್ಮೆ ಬಿಗಿಯಾದವು. ಇಲ್ಲ ಅನ್ನುತ್ತಾಳೆ, ಈಗ ಇಲ್ಲ ಅನ್ನುತ್ತಾಳೆ ಎಂದು ನಾನು ಉಸಿರು ಹಿಡಿದೆ. ಅವಳು ಕೈ ತೆಗೆಯಲಿಲ್ಲ. ಬಾಗಿಲ ಕಡೆಗೆ ಮುಖ ತಿರುಗಿಸಿ ಹೇಳಿದಳು.

“ಬೀದಿ ಕಡೆ ತಿರುಗಿ ಕೂತ್ಕೊಳ್ಳಿ. ಮಗಳ್ದು ಮುಗೀಲಿ, ಬಂದೆ.”